ಎರಡು ರಟ್ಟಿನ ಪಾದಗಳು

ರಾಣೆಬೆನ್ನೂರಿನ ಒಂದು ಖಾಸಗಿ ಶಾಲೆಯ ಆಡಳಿತ ಮಂಡಳಿಯು ಹನ್ನೊಂದು ವರ್ಷಗಳ ಹಿಂದೆ, ಒಂದು ಮಧ್ಯಾಹ್ನ, ಮೇಜಿನ ಮೇಲಿನ ಚಹಾ ಆರುವುದರೊಳಗೆ ಒಬ್ಬ ತರಬೇತುದಾರರ ಹೆಸರನ್ನು ಕೆಡಿಸಿತು. ವಿಚಾರಣೆ ನಡೆಸಲಿಲ್ಲ. ಸಾಕ್ಷಿ ಕೇಳಲಿಲ್ಲ. ಆರೋಪ ಹೊತ್ತವರಿಗೆ ಕೂರಲು ಕುರ್ಚಿಯನ್ನೂ ಕೊಡಲಿಲ್ಲ. ಠರಾವು ಪುಸ್ತಕದಲ್ಲಿ ಒಂದು ವಾಕ್ಯ ಬರೆದು ಮುಚ್ಚಿಟ್ಟಿತು: ‘ತರಬೇತುದಾರರ ನಿರ್ಲಕ್ಷ್ಯದಿಂದ ವಿದ್ಯಾರ್ಥಿನಿಗೆ ಗಾಯವಾಗಿರುವುದರಿಂದ ಸ್ಕೇಟಿಂಗ್ ತರಗತಿಯನ್ನು ನಿಲ್ಲಿಸಲಾಗಿದೆ.’ ಆ ವಾಕ್ಯ ಸುಳ್ಳು. ನನಗೆ ಇದು ಗೊತ್ತಿರಲು ಕಾರಣವಿದೆ. ಆ ವಿದ್ಯಾರ್ಥಿನಿ ನಾನು. ಆ ಸುಳ್ಳಿಗೆ ಬೇಕಾಗಿದ್ದ ಒಂದೇ ಒಂದು ಪದವನ್ನು ಒದಗಿಸಿದವಳೂ ನಾನು. ಆದ್ದರಿಂದ ಆರೋಪಿಗಳ ಸಾಲಿನಿಂದ ನನ್ನನ್ನು ಬಿಟ್ಟುಬಿಡಿ ಎಂದು ನಾನು ಯಾರನ್ನೂ ಕೇಳುತ್ತಿಲ್ಲ.

ಆ ತರಬೇತುದಾರರು ಈ ಮುಂಗಾರಿನಲ್ಲಿ ತೀರಿಕೊಂಡರು. ಅದೇ ತಿಂಗಳು ಆ ಶಾಲೆಯಿಂದ ನನಗೆ ದಪ್ಪ ಕಾಗದದ ಆಮಂತ್ರಣ ಬಂತು. ಶಾಲೆಯ ಅಂಗಳದಲ್ಲಿ ಹೊಸ ಸ್ಕೇಟಿಂಗ್ ರಿಂಕ್ ಉದ್ಘಾಟನೆಯಾಗಲಿದೆ, ‘ಹಳೆಯ ವಿದ್ಯಾರ್ಥಿನಿಯೂ ದಿಟ್ಟ ಲೇಖಕಿಯೂ ಆದ’ ನಾನು ಮುಖ್ಯ ಅತಿಥಿಯಾಗಿ ಬರಬೇಕು. ಅದರ ಕೆಳಗೆ, ಕೆಂಪು ಅಕ್ಷರಗಳಲ್ಲಿ: ‘ನಮ್ಮ ನಗರದಲ್ಲಿ ಮೊದಲ ಬಾರಿಗೆ.’ ಆ ನಾಲ್ಕು ಪದಗಳ ಹಿಂದೆ ಹೂತುಹೋಗಿರುವ ಮನುಷ್ಯನನ್ನು ಕುರಿತು ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಸೈಕಲ್ ರಿಪೇರಿ ಅಂಗಡಿ ಇತ್ತು. ತೆಳ್ಳಗಿನ ಆಳು. ವರ್ಷಗಟ್ಟಲೆ ಪಂಪು ಒತ್ತಿದ್ದರಿಂದಲೋ ಏನೋ, ಬಲ ಹೆಗಲು ಎಡಕ್ಕಿಂತ ತುಸು ಕೆಳಗಿತ್ತು. ಅಂಗಡಿಯ ಅಂಗಿ ಬೇರೆ, ಶಾಲೆಯ ಅಂಗಿ ಬೇರೆ. ಶಾಲೆಯದ್ದು ಯಾವಾಗಲೂ ಬಿಳಿ, ಆದರೂ ತೋಳಿನ ತುದಿಯಲ್ಲಿ ಗ್ರೀಸಿನ ಒಂದು ಬೆರಳಚ್ಚು ತಪ್ಪುತ್ತಿರಲಿಲ್ಲ. ನಾವು ಮಕ್ಕಳು ಅವರನ್ನು ‘ಸರ್’ ಎನ್ನುತ್ತಿದ್ದೆವು. ಶಾಲೆಯ ಕಚೇರಿಯಲ್ಲಿ ಅವರು ‘ಸೈಕಲ್ ಮಿಸ್ತ್ರಿ’. ಈ ಎರಡು ಹೆಸರುಗಳ ನಡುವಿನ ದೂರ ಎಷ್ಟೆಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿದಿನ ಬೆಳಿಗ್ಗೆ ಆರಕ್ಕೆ ಆ ದೂರವನ್ನು ದಾಟಿ ಬರುತ್ತಿದ್ದರು.

ಹರೆಯದಲ್ಲಿ ಬೆಳಗಾವಿಯ ಸೈಕಲ್ ಕಾರ್ಖಾನೆಯೊಂದರಲ್ಲಿ ದುಡಿಯುವಾಗ, ಪಕ್ಕದ ರಿಂಕಿನ ಸ್ಕೇಟುಗಳ ಬೇರಿಂಗು ತೊಳೆದುಕೊಡುವ ಕೆಲಸ ಅವರ ಪಾಲಿಗೆ ಬಂದಿತ್ತಂತೆ. ತೊಳೆದ ಗಾಲಿ ಸರಿಯಾಗಿ ಓಡುತ್ತದೆಯೇ ಎಂದು ನೋಡಲು ತಾವೇ ಹಾಕಿಕೊಂಡು ನಿಲ್ಲುತ್ತಿದ್ದರು. ನಿಂತವರು ಓಡಿದರು, ಓಡಿದವರು ಕಲಿತರು. ಊರಿಗೆ ಮರಳಿದ ಮೇಲೆ ಶಾಲೆಯ ಬಾಸ್ಕೆಟ್‌ಬಾಲ್ ಅಂಗಳ ಬೆಳಿಗ್ಗೆ ಖಾಲಿ ಬಿದ್ದಿರುವುದನ್ನು ಕಂಡು ತಾವಾಗಿಯೇ ಬಂದು ಕೇಳಿದರು. ಮೊದಲ ದಿನ ಇನ್‌ಲೈನ್ ಸ್ಕೇಟನ್ನು, ಅಂದರೆ ಒಂದೇ ಸಾಲಿನಲ್ಲಿ ನಾಲ್ಕು ಗಾಲಿಗಳಿರುವ ಆ ಬೂಟನ್ನು, ನಮ್ಮ ಮುಂದೆ ಎತ್ತಿ ಹಿಡಿದು ಅವರು ಹೇಳಿದ್ದು ಇಷ್ಟು:

“ಗಾಲಿ ಅಂದ್ರ ಗಾಲೀನ. ಸೈಕಲ್ಲಿಗೆ ಎರಡು, ಇದರ ಜೋಡಿಗೆ ಎಂಟು. ಆರು ಹೆಚ್ಚಿಗಿ ಅದಾವಂತ ಅಂಜಬ್ಯಾಡ್ರಿ.”

ನಮಗಿಂತ ಮೊದಲೇ ಬಂದು ಇಡೀ ಅಂಗಳವನ್ನು ಸ್ವತಃ ಗುಡಿಸುತ್ತಿದ್ದರು. ಶಾಲೆಯ ಸಿಪಾಯಿ ಒಮ್ಮೆ ನಕ್ಕು, “ಮಿಸ್ತ್ರಿ, ನನ್ನ ನೌಕರಿ ಕಸಗೋತಿಯೇನಪಾ?” ಎಂದಾಗ, ಕಸಬರಿಗೆಯ ತುದಿಯಿಂದ ಒಂದು ಹರಳನ್ನು ಎತ್ತಿ ತೋರಿಸಿದರು: “ನಿನಗ ಇದು ಹಳ್ಳು. ನನಗ ಒಂದ ಹುಡುಗನ ಹಲ್ಲು.” ಮೂರು ದಿನ ಯಾರಿಗೂ ಗಾಲಿ ಮುಟ್ಟಗೊಡಲಿಲ್ಲ; ಬೀಳುವುದನ್ನು ಕಲಿಸಿದರು. “ಮೊದಲ ಮೊಣಕಾಲು, ಆಮ್ಯಾಲ ಮೊಣಕೈ, ಆಮ್ಯಾಲ ಅಂಗೈ. ಈ ವರಸೀಲೇ ಬೀಳಬೇಕು. ಮಾರಿಗೆ ಮಾತ್ರ ಪಾಳಿ ಕೊಡಬ್ಯಾಡ್ರಿ.” ‘ಬೀಳಲು ಕಲಿಸುವುದಕ್ಕೆ ಮಾಸ್ತರರು ಬೇಕೇ?’ ಎಂದು ಕೆಲವು ಪಾಲಕರು ಗೊಣಗಿದರು. ಸರ್ ಆ ಗೊಣಗಾಟವನ್ನೂ ಗುಡಿಸಿ ಬದಿಗೆ ಹಾಕಿದರು.

ಸ್ಕೇಟು ಆರಿಸುವ ವಿಷಯದಲ್ಲಿ ಮಾತ್ರ ಅವರು ಯಾರಿಗೂ ಬಗ್ಗುತ್ತಿರಲಿಲ್ಲ. ಹೊಸ ಜೋಡಿ ಬಂದರೆ ಗಾಲಿಯೊಂದನ್ನು ತಿರುಗಿಸಿ ಕಿವಿಯ ಹತ್ತಿರ ಹಿಡಿಯುವರು. “ಗಾಲಿ ಮಾತಾಡಬಾರದು. ಮಾತಾಡೂ ಗಾಲಿ ಓಡಂಗಿಲ್ಲ,” ಎನ್ನುತ್ತ ಹಿಂದೆ ಪಿಸುಗುಡುತ್ತಿದ್ದ ನಮ್ಮ ಕಡೆಗೊಮ್ಮೆ ನೋಡುವರು. ಬೂಟಿನ ಕತ್ತನ್ನು ಎರಡೂ ಕೈಯಿಂದ ಹಿಂಡುವರು. ಅದು ಹಳೆಯ ಚೀಲದಂತೆ ಮುದುಡಿದರೆ ಮರಳಿಸಲು ಹೇಳುವರು. ಒಮ್ಮೆ ಒಬ್ಬ ತಾಯಿ ಮಿನುಗುವ ಗಾಲಿಗಳ ಜೋಡಿಯನ್ನು ಹೆಮ್ಮೆಯಿಂದ ತಂದರು.

“ಸರ್, ಇದರಾಗ ಲೈಟ್ ಹತ್ತತಾವ್ರಿ. ಹುಡುಗಗ ಭಾಳ ಸೇರೇತಿ.”

“ಲಗ್ನದ ಮೆರವಣಿಗಿಗೆ ಇಟಗೋರಿ ಅಕ್ಕಾರ, ಚಂದ ಕಾಣತಾವು. ಓಡಾಕ ಬೇರಿಂಗ್ ಬೇಕ್ರಿ.”

ಆದರೆ ಅವರ ನಿಜವಾದ ಯುದ್ಧ ಮೂರು ಅಕ್ಷರದ ಒಂದು ನಂಬಿಕೆಯ ವಿರುದ್ಧವಾಗಿತ್ತು: ‘ಬೆಳಿಯೂ’. ನಮ್ಮ ಕಡೆ ಮಕ್ಕಳಿಗೆ ಯಾವುದನ್ನೂ ಇಂದಿನ ಅಳತೆಗೆ ಕೊಳ್ಳುವುದಿಲ್ಲ. ಸಮವಸ್ತ್ರ ಬೆಳೆಯುವ ಮೈಗೆ, ಚಪ್ಪಲಿ ಬೆಳೆಯುವ ಕಾಲಿಗೆ. ಜೂನ್ ತಿಂಗಳಲ್ಲಿ ರಾಣೆಬೆನ್ನೂರಿನ ಯಾವ ಶಾಲೆಯ ಮುಂದೆ ನಿಂತರೂ ಮುಂದಿನ ವರ್ಷದ ಮಕ್ಕಳ ಬಟ್ಟೆಯೊಳಗೆ ಈ ವರ್ಷದ ಮಕ್ಕಳು ನಡೆದು ಬರುವುದು ಕಾಣುತ್ತದೆ. ಸ್ಕೇಟನ್ನೂ ಹಾಗೆಯೇ ಒಂದು ಅಳತೆ ದೊಡ್ಡದು ತರುತ್ತಿದ್ದರು. ಬೂಟಿನೊಳಗೆ ಪಾದ ಆಡಿದರೆ ಗಾಲಿ ಒಂದು ಕಡೆಗೆ, ಕಾಲು ಇನ್ನೊಂದು ಕಡೆಗೆ ಹೋಗುತ್ತದೆ. ನಡುವೆ ಸಿಕ್ಕ ಎಲುಬು ಮುರಿಯುತ್ತದೆ.

ಇದಕ್ಕೆ ಅವರು ಕಂಡುಕೊಂಡ ಉಪಾಯವೇ ರಟ್ಟಿನ ಪಾದ. ಸೈಕಲ್ ಟ್ಯೂಬಿನ ಖಾಲಿ ಡಬ್ಬಿಯ ರಟ್ಟನ್ನು ನೆಲಕ್ಕೆ ಹಾಕಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಮ್ಮನ್ನು ಅದರ ಮೇಲೆ ನಿಲ್ಲಿಸಿ, ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದು ಕತ್ತರಿಸುತ್ತಿದ್ದರು. ಎರಡು ಪ್ರತಿ: ಒಂದು ಅಂಗಡಿಯ ತಂತಿಗೆ, ಒಂದು ನಮ್ಮ ಮನೆಗೆ. ಅದರ ಮೇಲೆ ಮಗುವಿನ ಹೆಸರು, ಹೆಸರಿನ ಪಕ್ಕ ಅವರ ಗುರುತು: ಒಂದು ವೃತ್ತ, ನಡುವೆ ಒಂದು ಚುಕ್ಕೆ. ಗಾಲಿ, ಅದರೊಳಗೆ ಬೇರಿಂಗು. ಪಾಲಕರು ಆ ರಟ್ಟಿನ ಪಾದವನ್ನು ಹುಬ್ಬಳ್ಳಿಯ ಅಂಗಡಿಗೆ ಒಯ್ದು ಬೂಟಿನೊಳಗೆ ಇಟ್ಟು ನೋಡಬೇಕು. ಅಲುಗಾಡಿದರೆ ಆ ಜೋಡಿ ಬೇಡ. ಊರಿಗೆ ತಂದ ಮೇಲೆ ಅವರೂ ಅದನ್ನೇ ಇಟ್ಟು ನೋಡುವರು. ಹುಬ್ಬಳ್ಳಿಯ ಬಸ್ಸಿನಲ್ಲಿ ಜೇಬಿನಲ್ಲಿ ರಟ್ಟಿನ ಪಾದವಿಟ್ಟುಕೊಂಡು ಕುಳಿತ ತಂದೆಯರನ್ನು ನೆನೆದರೆ ಈಗಲೂ ನಗು ಬರಬೇಕಿತ್ತು. ನನಗೆ ಬರುವುದಿಲ್ಲ.

ಭಾನುವಾರ ಶಾಲೆಗೆ ಬೀಗ. ಆಗ ಅವರು ನಮ್ಮ ಏಳೆಂಟು ಜನರನ್ನು ಬಸ್ಸಿನಲ್ಲಿ ಬ್ಯಾಡಗಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಅವರ ಪರಿಚಯದ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಗೋದಾಮು, ಹಂಗಾಮು ಮುಗಿದ ಮೇಲೆ ಖಾಲಿ ಇರುತ್ತಿತ್ತು. ಎಣ್ಣೆ ಸವರಿದಂಥ ನುಣುಪು ನೆಲ. ಚೀಲಗಳು ಹೋಗಿದ್ದರೂ ಘಾಟು ಹೋಗಿರಲಿಲ್ಲ. ಎರಡು ಸುತ್ತು ಹಾಕುವಷ್ಟರಲ್ಲಿ ಗಾಲಿಗಳು ಕೆಂಪಾಗುತ್ತಿದ್ದವು, ಮೂರನೆಯ ಸುತ್ತಿಗೆ ಯಾರಾದರೊಬ್ಬರು ಸೀನುತ್ತಿದ್ದರು, ನಾಲ್ಕನೆಯದಕ್ಕೆ ಎಲ್ಲರೂ. ವೇಗದಲ್ಲಿರುವಾಗ ಸೀನು ಬಂದರೆ ಬೀಳುವುದು ಖಂಡಿತ. ನೆಲದ ನಡುವೆ ನಿಂತು, ತಾವೂ ಸೀನುತ್ತ, ಅವರು ಕೂಗುತ್ತಿದ್ದರು:

“ಸೀನು ಬಂದ್ರ ಮೊಣಕಾಲು ಬಗ್ಗಸ್ರಿ! ತಡೀಬ್ಯಾಡ್ರಿ, ಬಗ್ಗಸ್ರಿ!”

ಪ್ರಪಂಚದ ಯಾವ ತರಬೇತಿ ಪುಸ್ತಕದಲ್ಲೂ ಈ ಸೂತ್ರ ಇರಲಾರದು. ಬ್ಯಾಡಗಿಯಲ್ಲಿ ಕಲಿತವರಿಗೆ ಮಾತ್ರ ಗೊತ್ತು. ಸಂಜೆ ಮರಳುವಾಗ ಬಸ್ಸಿನಲ್ಲಿ ನಮ್ಮ ಚೀಲಗಳಿಂದ ಎದ್ದ ಘಾಟಿಗೆ ಪ್ರಯಾಣಿಕರೆಲ್ಲ ಸೀನುತ್ತಿದ್ದರು, ಕಂಡಕ್ಟರು ನಮ್ಮನ್ನು ಬೈಯುತ್ತಿದ್ದರು, ಸರ್ ಗಂಭೀರವಾಗಿ ಕಿಟಕಿಯ ಹೊರಗೆ ನೋಡುತ್ತಿದ್ದರು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಹಾವೇರಿಯಲ್ಲಿ ಜಿಲ್ಲಾ ಆಯ್ಕೆ ನಡೆಯುವುದಿತ್ತು. ಅಲ್ಲಿಯವರೆಗೆ ಸರ್ ಕೊಟ್ಟ ಹಳೆಯ ಜೋಡಿಯಲ್ಲಿ ಓಡುತ್ತಿದ್ದೆ. ನನ್ನ ತಂದೆಗೆ ಊರಿನಲ್ಲಿ ಬಿತ್ತನೆ ಬೀಜದ ಅಂಗಡಿ ಇದೆ. ರಟ್ಟಿನ ಪಾದವನ್ನು ಕೊಡುವಾಗ ಸರ್ ತಂದೆಗೆ ನೇರವಾಗಿಯೇ ಹೇಳಿದ್ದರು.

“ಸಾವ್ಕಾರ್ರ, ಇದ ಅಳತಿ. ದೊಡ್ಡದು ತರಬ್ಯಾಡ್ರಿ.”

“ಬೆಳಿಯೂ ಕಾಲಲ್ಲೇನ್ರಿ ಮಿಸ್ತ್ರಿ? ಮುಂದಿನ ವರ್ಷ ಮತ್ತ ಹುಬ್ಬಳ್ಳಿಗೆ ಹೋಗೂದನ?”

“ನೀವು ಬೀಜ ಮಾರೂ ಮಂದಿ. ಮುಂದ ಗಿಡ ದೊಡ್ಡದು ಆಕ್ಕೈತಂತ ಬೀಜಾನ ಮೊಣಕಾಲುದ್ದ ಆಳಕ್ಕ ಹುಗದ್ರ ಮೊಳಕಿ ಬರತೈತೇನ್ರಿ?”

ತಂದೆ ನಕ್ಕರು, ತಲೆಯಾಡಿಸಿದರು, ಹುಬ್ಬಳ್ಳಿಗೆ ಹೋದರು, ಒಂದು ಅಳತೆ ದೊಡ್ಡದನ್ನೇ ತಂದರು. ಕಪ್ಪು ಬೂಟು, ಹಾಲಿನಂಥ ಬಿಳಿ ಗಾಲಿಗಳು. ನಾನು ಕೋಣೆಯ ಬಾಗಿಲು ಹಾಕಿಕೊಂಡು ರಟ್ಟಿನ ಪಾದವನ್ನು ಒಳಗಿಟ್ಟು ನೋಡಿದೆ. ಅದು ಆಡಿತು. ಸರ್ ಇದನ್ನು ಒಪ್ಪುವುದಿಲ್ಲ ಎಂದು ಮೆಲ್ಲಗೆ ಹೇಳಿದಾಗ ತಂದೆಯ ಉತ್ತರ ಸಿದ್ಧವಿತ್ತು: “ಒಪ್ಪಲಿಲ್ಲಾಂದ್ರ ಬಿಟ್ಟಬಿಡು. ಹೆಣ್ಣುಹುಡುಗಿಗೆ ಗಾಲಿ ಆಟ ಇಲ್ಲದಿದ್ರ ಊಟ ಸೇರಂಗಿಲ್ಲೇನು?”

ಆಯ್ಕೆಗೆ ಎರಡು ವಾರ ಉಳಿದಿತ್ತು. ನಾನು ತಂದೆಯ ಅಂಗಡಿಯಿಂದ ಮೆಕ್ಕೆಜೋಳದ ಬೀಜದ ಪೆಟ್ಟಿಗೆಯ ರಟ್ಟನ್ನು ತಂದೆ. ಸರ್ ಕೊಟ್ಟ ಪಾದವನ್ನು ಅದರ ಮೇಲಿಟ್ಟು, ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಹೆಚ್ಚಿಸಿ, ಇನ್ನೊಂದು ಪಾದ ಕತ್ತರಿಸಿದೆ. ನನ್ನ ಹೆಸರು ಬರೆದೆ. ವೃತ್ತ ಹಾಕಿದೆ, ನಡುವೆ ಚುಕ್ಕೆ ಇಟ್ಟೆ. ಮರುದಿನ ಸರ್ ಆ ರಟ್ಟನ್ನು ಬೂಟಿನೊಳಗೆ ಇಟ್ಟರು. ಅದು ಕದಲಲಿಲ್ಲ. ಅವರ ಮುಖ ಅರಳಿತು. “ನಿಮ್ಮಪ್ಪಾರು ಮಾತ ಕೇಳ್ಯಾರ ನೋಡವಾ. ನಾನ ತಪ್ಪ ತಿಳಕೊಂಡಿದ್ದೆ.” ರಟ್ಟನ್ನು ತಿರುಗಿಸಿದ್ದರೆ ಹಿಂಬದಿಯಲ್ಲಿ ಅರ್ಧ ತುಂಡಾದ ಮೆಕ್ಕೆಜೋಳದ ತೆನೆಯ ಚಿತ್ರ ಕಾಣುತ್ತಿತ್ತು. ಮಗುವಿನ ಕೈಯಿಂದ ಬಂದದ್ದನ್ನು ತಿರುಗಿಸಿ ನೋಡುವ ಮನುಷ್ಯರಾಗಿರಲಿಲ್ಲ ಅವರು. ನಾನು ಎರಡು ಜೊತೆ ಕಾಲುಚೀಲ ಹಾಕಿಕೊಂಡೆ, ಬೂಟಿನ ತುದಿಗೆ ಹತ್ತಿ ತುರುಕಿದೆ, ಆ ಸುಳ್ಳು ಪಾದವನ್ನೇ ನನ್ನ ಪಾದದ ಕೆಳಗೆ ಹಾಸಿಕೊಂಡೆ.

ಹಾವೇರಿಯಲ್ಲಿ ಎರಡನೆಯ ತಿರುವಿನವರೆಗೆ ನಾನು ಮುಂದಿದ್ದೆ. ತಿರುವಿನಲ್ಲಿ ಬೂಟು ಬಾಗಿತು, ಪಾದ ಬಾಗಲಿಲ್ಲ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಸರ್ ನನ್ನನ್ನು ಎತ್ತಿಕೊಂಡು ಓಡಿದರು. ಆಟೋದಲ್ಲಿ ಬೂಟು ಬಿಚ್ಚಲು ಹೋದರು. ಮೇಲಿನ ಪಟ್ಟಿ ಸಡಿಲಿಸಿದ ಕೂಡಲೇ ಕಾಲು ತಾನಾಗಿ ಜಾರಿ ಹೊರಬಂತು. ಅಳತೆಯ ಬೂಟಿನಿಂದ ಪಾದ ಹಾಗೆ ಬರುವುದಿಲ್ಲ. ಅವರು ಒಳಗೆ ಕೈಹಾಕಿದರು. ಹತ್ತಿ ಬಂತು. ರಟ್ಟು ಬಂತು. ಈ ಬಾರಿ ತಿರುಗಿಸಿ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ರಟ್ಟನ್ನು ಬಿಳಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಆಟೋದವನಿಗೆ, “ಲಗೂ ನಡಿಯಪಾ, ಕುಣಿಯೊಳಗ ಹಾಕಬ್ಯಾಡ,” ಎಂದರು.

ಹತ್ತು ದಿನಗಳ ನಂತರ ಶಾಲೆಯ ಕೋಣೆಯಲ್ಲಿ ಮಂಡಳಿ ಸೇರಿತು. ನಾನು ಪ್ಲಾಸ್ಟರ್ ಹಾಕಿದ ಕಾಲು ಚಾಚಿ ತಂದೆಯ ಪಕ್ಕ ಕುಳಿತಿದ್ದೆ. ಸರ್ ಬಾಗಿಲ ಬಳಿ ನಿಂತಿದ್ದರು. ಅಧ್ಯಕ್ಷರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು.

“ಇವರು ನಿನ್ನ ಸ್ಕೇಟು ತಪಾಸ ಮಾಡಿದ್ರೇನವಾ?”

“ಇಲ್ರಿ,” ಎಂದೆ.

ತಂದೆ ಅಧ್ಯಕ್ಷರನ್ನು ನೋಡಿದರು, ಅಧ್ಯಕ್ಷರು ಗುಮಾಸ್ತರನ್ನು ನೋಡಿದರು, ಗುಮಾಸ್ತರು ಬರೆಯತೊಡಗಿದರು. ಆಗ ಬಾಗಿಲ ಕಡೆಯಿಂದ ದನಿ ಬಂತು.

“ತಪ್ಪು ನಂದ ಐತ್ರಿ. ರಟ್ಟು ನೋಡಿದೆ, ಕಾಲು ನೋಡಲಿಲ್ಲ.”

ಆ ಮಾತಿನ ಅರ್ಥವೇನೆಂದು ಆ ಕೋಣೆಯಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅವರು ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಜೇಬಿನಲ್ಲಿ ಸಾಕ್ಷಿ ಇತ್ತು. ಅರ್ಥವಾದದ್ದು ನನಗೊಬ್ಬಳಿಗೆ. ನಾನು ಪ್ಲಾಸ್ಟರಿನ ಮೇಲಿನ ಒಂದು ಬಿರುಕನ್ನು ನೋಡುತ್ತ ಕುಳಿತೆ. ಹೊರಡುವ ಮುನ್ನ ಅವರು ಕೇಳಿದ್ದು ಒಂದೇ: “ನನ್ನ ಬಿಡಸ್ರಿ. ಹುಡುಗ್ರ ಆಟ ನಿಲ್ಲಸಬ್ಯಾಡ್ರಿ, ಬ್ಯಾರೇದವರನ್ನ ಕರಸ್ರಿ.” ಮಂಡಳಿ ಅವರನ್ನೂ ಬಿಡಿಸಿತು, ಆಟವನ್ನೂ ನಿಲ್ಲಿಸಿತು. ಹಲಗೇರಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ನಮ್ಮಲ್ಲೆಲ್ಲ ಚುರುಕಾಗಿದ್ದಳು. ಒಂದು ವಾರ ಅವಳು ಬೀಗ ಹಾಕಿದ ಗೇಟಿನವರೆಗೆ ಬಂದು ಹೋದಳಂತೆ. ಆಮೇಲೆ ಬರಲಿಲ್ಲ.

ನಾನು ಓದಿದೆ. ಧಾರವಾಡದಲ್ಲಿ ಸ್ನಾತಕೋತ್ತರ ಪದವಿ ಪಡೆದೆ. ‘ಉತ್ತರದಾಯಿತ್ವ’ ಎಂಬ ಪದವನ್ನು ತಪ್ಪಿಲ್ಲದೆ ಬರೆಯಲು ಕಲಿತೆ; ಅಧಿಕಾರದಲ್ಲಿರುವವರೆಲ್ಲರಿಂದಲೂ ಅದನ್ನು ಕೇಳಿದೆ. ಊರಿಗೆ ಬಂದಾಗ ಮಾತ್ರ ಸ್ಟೇಷನ್ ರಸ್ತೆ ತಪ್ಪಿಸಿ ಸುತ್ತು ದಾರಿ ಹಿಡಿಯುತ್ತಿದ್ದೆ. ಒಮ್ಮೆ ಸೈಕಲ್ಲಿನ ಗಾಳಿ ಹೋಗಿ ಬೇರೆ ದಾರಿಯಿಲ್ಲದೆ ಅವರ ಅಂಗಡಿಯ ಮುಂದೆ ನಿಂತೆ. ಅವರು ಪಂಕ್ಚರ್ ಹಚ್ಚಿದರು, ಗಾಲಿ ತಿರುಗಿಸಿ ಕಿವಿಗೊಟ್ಟರು.

“ಕಾಲು ಹೆಂಗೈತಿ ಬೇಟಾ?”

“ಚಲೋ ಐತ್ರಿ ಸರ್.”

“ಸರ್ ಅನ್ನವರು ಈಗ ಯಾರೂ ಉಳದಿಲ್ಲ,” ಎಂದು ನಕ್ಕರು. “ಇರಲಿ. ಕೇಳಾಕ ಚಂದ ಐತಿ.”

ಆಗ ಹೇಳಬಹುದಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ‘ಸರ್’ ಎಂದ ಬಾಯಿಗೆ ಇನ್ನು ನಾಲ್ಕು ಮಾತು ಭಾರವಾಗುತ್ತಿರಲಿಲ್ಲ. ನಾನು ಸೈಕಲ್ ಹತ್ತಿ ಹೋದೆ.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನ ತಡವಾಗಿ. ಅಷ್ಟರಲ್ಲಿ ಆಮಂತ್ರಣವೂ ಬಂದಿತ್ತು. ಅದನ್ನು ಚೀಲದಲ್ಲಿಟ್ಟುಕೊಂಡೇ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾವು ಮಕ್ಕಳು ಚಾಚಿ ಎನ್ನುತ್ತಿದ್ದೆವು. ಚಾಚಿ ನನ್ನನ್ನು ನೋಡಿದ ಕೂಡಲೇ ಗುರುತಿಸಿದರು. ಒಳಗೆ ಹೋಗಿ, ಅಂಗಡಿಯಿಂದ ತಂದಿಟ್ಟಿದ್ದ ತಂತಿಯನ್ನು ಹೊರತಂದರು. ಅದರ ತುಂಬ ರಟ್ಟಿನ ಪಾದಗಳು. ಎಲ್ಲರದೂ ಒಂದೊಂದು, ನನ್ನವು ಮಾತ್ರ ಎರಡು, ಸೈಕಲ್ ವಾಲ್‌ಟ್ಯೂಬಿನ ರಬ್ಬರ್ ತುಂಡಿನಿಂದ ಒಟ್ಟಿಗೆ ಬಿಗಿದಿದ್ದವು.

“ಇವು ನಿನ್ನವು,” ಎಂದರು ಚಾಚಿ. “ಎಸೀಲೇನಂತ ಒಮ್ಮೆ ಕೇಳಿದ್ನಿ. ‘ಬ್ಯಾಡ, ಆಕಿ ಬಂದು ಒಯ್ತಾಳ’ ಅಂದ್ರು.”

ನಾನು ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು.

“ಇದನ್ನ ಅವರಿಗೆ ಹೇಳಬೇಕಿತ್ತವಾ. ನನಗ ಹೇಳಿದ್ರ ನಾ ಏನ ಮಾಡ್ಲಿ? ಸಾಲಿಗೆ ಹೋಗಿ ಹೇಳು. ಅವರು ಸಾಯೂತನಾ ಆ ಸಾಲಿ ಮುಂದ ಹಾಯಲಿಲ್ಲ.”

ಒಂದೇ ಊರಿನಲ್ಲಿ ಇಬ್ಬರೂ ಒಂದೊಂದು ರಸ್ತೆಯನ್ನು ತಪ್ಪಿಸಿ ನಡೆದಿದ್ದೆವು. ಅವರು ಯಾವ ತಪ್ಪಿಗೆ ತಪ್ಪಿಸಿಕೊಂಡು ನಡೆಯಬೇಕಿತ್ತು?

ಮನೆಗೆ ಬಂದು ಬರಿಗಾಲನ್ನು ಆ ರಟ್ಟುಗಳ ಮೇಲೆ ಇಟ್ಟು ನೋಡಿದೆ. ಅವರು ಅಳೆದ ಪಾದಕ್ಕೆ ನನ್ನ ಕಾಲು ಈಗ ದೊಡ್ಡದು. ನಾನು ಕತ್ತರಿಸಿದ್ದಕ್ಕೆ ಸರಿಯಾಗಿ ಕೂತಿತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ತಂದೆ ಹೇಳಿದ್ದೇ ನಿಜವಾಯಿತು: ಬೆಳೆಯುವ ಕಾಲು. ಸುಳ್ಳಿನ ಅಳತೆಗೆ ಸರಿಯಾಗಿ ಬೆಳೆದು ನಿಂತಿದ್ದೇನೆ. ತಂದೆಗೂ ಅದನ್ನು ತೋರಿಸಿ, ಮಂಡಳಿಗೆ ಬರೆಯುತ್ತೇನೆ ಎಂದೆ. ಅವರು ರಟ್ಟನ್ನು ತಿರುಗಿಸಿ ಹಿಂಬದಿಯ ತೆನೆಯನ್ನು ನೋಡಿ, “ಈಗ ಬರದ್ರ ಅವರು ತಿರುಗಿ ಬರತಾರೇನವಾ?” ಎಂದರು. ಬರುವುದಿಲ್ಲ. ಆದರೆ ಠರಾವು ಪುಸ್ತಕ ಇನ್ನೂ ಕಪಾಟಿನಲ್ಲಿದೆ, ಆ ವಾಕ್ಯ ಇನ್ನೂ ಪುಸ್ತಕದಲ್ಲಿದೆ.

ಆದ್ದರಿಂದ, ಮಾನ್ಯ ಆಡಳಿತ ಮಂಡಳಿಯವರೇ, ಇದು ನಿಮ್ಮ ಆಮಂತ್ರಣಕ್ಕೆ ನನ್ನ ಲಿಖಿತ ಉತ್ತರ ಮತ್ತು ನನ್ನ ತಪ್ಪೊಪ್ಪಿಗೆ. ಇದನ್ನು ಆ ಠರಾವಿನ ಪುಟಕ್ಕೆ ಲಗತ್ತಿಸಬೇಕೆಂದು ಕೋರುತ್ತೇನೆ. ‘ನಿರ್ಲಕ್ಷ್ಯ’ ಎಂದು ಬರೆದ ವಾಕ್ಯವನ್ನು ಹೊಸ ಠರಾವಿನ ಮೂಲಕ ರದ್ದುಪಡಿಸಬೇಕು, ಅದನ್ನು ಉದ್ಘಾಟನೆಯ ದಿನ ಮಕ್ಕಳ ಮುಂದೆ ಓದಬೇಕು. ಆಮಂತ್ರಣದಿಂದ ‘ಮೊದಲ ಬಾರಿಗೆ’ ಎಂಬುದನ್ನು ತೆಗೆಯಬೇಕು. ಹೊಸ ರಿಂಕಿಗೆ ಬರುವ ಪ್ರತಿ ಮಗುವನ್ನೂ ಸ್ಕೇಟು ಕೊಳ್ಳುವ ಮೊದಲು ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ ರಟ್ಟಿನ ಪಾದ ಕತ್ತರಿಸಬೇಕು. ಆಮೇಲೆ, ದಯವಿಟ್ಟು, ಕಾಲನ್ನೂ ನೋಡಬೇಕು. ಒಬ್ಬ ಮನುಷ್ಯನನ್ನು ಬಾಗಿಲ ಬಳಿ ನಿಲ್ಲಿಸಿ, ಅವನ ಮಾತಿನ ಅರ್ಥವನ್ನೂ ಕೇಳದೆ ಏಕೆ ಶಿಕ್ಷಿಸಿದಿರಿ ಎಂಬುದಕ್ಕೆ ಉದ್ಘಾಟನೆಗೆ ಮುಂಚೆ ಲಿಖಿತ ಉತ್ತರ ಕೊಡಬೇಕು. ಉತ್ತರವನ್ನು ನನಗೆ ಕಳಿಸಬೇಡಿ, ಅವರ ಹೆಂಡತಿಗೆ ಕಳಿಸಿ.

ವಿಳಾಸ ನಿಮ್ಮ ಠರಾವು ಪುಸ್ತಕದಲ್ಲೇ ಇದೆ, ಅವರ ಹೆಸರಿನ ಕೆಳಗೆ. ಆ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ನಿಮ್ಮ ಶಾಲೆಯ ದಾಖಲೆಯಲ್ಲಿ ಅದು ಸದ್ಯ ಒಂದೇ ಕಡೆ, ಒಂದು ಸುಳ್ಳು ವಾಕ್ಯದ ಪಕ್ಕದಲ್ಲಿದೆ. ಅದನ್ನು ಅಲ್ಲಿಂದ ಬಿಡಿಸಿ, ಶುದ್ಧ ಅಕ್ಷರಗಳಲ್ಲಿ, ಮೊದಲು ನೀವು ಬರೆಯಬೇಕು. ನಾನು ಆಮೇಲೆ ಬರೆಯುತ್ತೇನೆ.